ಕುದಿಬಿಂದುವಿನ ಕ್ರಮ ಬರೆಯುವುದು ಹೇಗೆ: ಯಾವುದು ಬಿಡುತ್ತದೆ, ಯಾವುದು ಉಳಿಯುತ್ತದೆ

"ಕೆಳಗಿನವುಗಳನ್ನು ಕುದಿಬಿಂದುವಿನ ಏರಿಕೆ ಕ್ರಮದಲ್ಲಿ ಬರೆದು ಕಾರಣ ಕೊಡಿ." ಪಿಯುಸಿಗೂ ಸಿಇಟಿಗೂ ಓದುವವರಿಗೆ ಈ ಸಾಲು ಚಿರಪರಿಚಿತ. ಕ್ರಮವನ್ನು ಬಾಯಿಪಾಠ ಮಾಡಿ ಸರಿಯಾಗಿ ಬರೆದವರೂ ಕಾರಣಕ್ಕೆ ಬಂದಾಗ ಎಡವುತ್ತಾರೆ. ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು: "ನೀರಿನ ಓ–ಎಚ್ ಬಂಧ ಬಹಳ ಗಟ್ಟಿ, ಅದನ್ನು ಮುರಿಯಲು ಹೆಚ್ಚು ಶಾಖ ಬೇಕು, ಆದ್ದರಿಂದ ಕುದಿಬಿಂದು ಹೆಚ್ಚು."

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮೇಲೆ ಬರುವ ಹಬೆ ನೀರೇ. ಮುಚ್ಚಳದ ಒಳಮೈಗೆ ಹನಿಯಾಗಿ ಕೂತಿರುವುದೂ ನೀರೇ. ಕುದಿಯುವಾಗ ಓ–ಎಚ್ ಬಂಧ ಮುರಿಯುತ್ತಿದ್ದರೆ ಪಾತ್ರೆಯಿಂದ ಹೈಡ್ರೋಜನ್ನೂ ಆಮ್ಲಜನಕವೂ ಹೊರಬರಬೇಕಿತ್ತು, ಒಲೆಯ ಉರಿ ತಗುಲಿ ಅಡುಗೆಮನೆ ಉಳಿಯುತ್ತಿರಲಿಲ್ಲ. ಲೆಕ್ಕ ನೋಡಿ. 18 ಗ್ರಾಂ, ಅಂದರೆ ಒಂದು ಮೋಲ್ ನೀರನ್ನು 100 °ಸೆ.ನಲ್ಲಿ ಆವಿ ಮಾಡಲು ಬೇಕಾಗುವುದು ಸುಮಾರು 40.7 ಕಿಲೋಜೂಲ್. ಅದೇ 18 ಗ್ರಾಂ ನೀರಿನ ಅಣುಗಳನ್ನು ಬಿಡಿ ಪರಮಾಣುಗಳಾಗಿ ಒಡೆಯಬೇಕಾದರೆ ಪ್ರತಿ ಓ–ಎಚ್ ಬಂಧಕ್ಕೆ 463ರಂತೆ 926 ಕಿಲೋಜೂಲ್. ಒಂದಕ್ಕೂ ಇನ್ನೊಂದಕ್ಕೂ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅಂತರ. ಕುದಿಸುವಾಗ ನಾವು ಬಿಡಿಸುವುದು ಒಂದು ಅಣುವಿನಿಂದ ಇನ್ನೊಂದು ಅಣುವನ್ನು. ಅಣುವಿನ ಒಳಗಿನ ಬಂಧ ಹಾಗೇ ಉಳಿಯುತ್ತದೆ.

ಆದ್ದರಿಂದ ಯಾವ ಕ್ರಮ ಬರೆಯುವ ಮೊದಲೂ ಕೇಳಿಕೊಳ್ಳಬೇಕಾದ್ದು ಒಂದೇ: ಈ ವಸ್ತು ಕರಗುವಾಗ ಅಥವಾ ಕುದಿಯುವಾಗ ನಿಜಕ್ಕೂ ಬಿಡುವುದು ಯಾವುದು?

ಮೊದಲ ಕೆಲಸ: ಅಣುಗಳಿವೆಯೇ ಎಂದು ನೋಡಿ

ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವಿನ ಮುಂದೆ ಪೆನ್ಸಿಲ್‌ನಲ್ಲಿ ಒಂದೊಂದು ಅಕ್ಷರ ಗುರುತು ಹಾಕಿ: ಅಯಾನಿಕಕ್ಕೆ (ಆವೇಶ ಹೊತ್ತ ಕಣಗಳಿಂದಾದದ್ದಕ್ಕೆ) ಅ, ಲೋಹಕ್ಕೆ ಲೋ, ಬಿಡಿ ಅಣುಗಳಿಗೆ ಬಿ, ಎಡೆಬಿಡದೆ ಹೆಣೆದ ಕೋವೇಲೆಂಟ್ (ಎಲೆಕ್ಟ್ರಾನ್ ಹಂಚಿಕೊಂಡ) ಜಾಲಕ್ಕೆ ಜಾ. ಈ ಗುರುತು ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ.

ಕಾರ್ಬನ್ ಡೈಆಕ್ಸೈಡ್ ಮತ್ತು ಸಿಲಿಕಾನ್ ಡೈಆಕ್ಸೈಡ್ ಇದಕ್ಕೆ ಒಳ್ಳೆಯ ಜೋಡಿ. ಕಾರ್ಬನ್, ಸಿಲಿಕಾನ್ ಎರಡೂ ಆವರ್ತಕ ಕೋಷ್ಟಕದ ಒಂದೇ ಗುಂಪಿನವು, ಸೂತ್ರವೂ ಒಂದೇ ರೀತಿ. ಆದರೂ ಮೊದಲನೆಯದು −78 °ಸೆ.ನಲ್ಲೇ ಘನದಿಂದ ನೇರ ಅನಿಲವಾಗುತ್ತದೆ; ಎರಡನೆಯದು, ಅಂದರೆ ಹೊಳೆಯ ಮರಳಿನಲ್ಲಿರುವ ಸ್ಫಟಿಕಶಿಲೆ, ಸುಮಾರು 1700 °ಸೆ. ತಲುಪುವವರೆಗೆ ಕರಗುವುದಿಲ್ಲ. ಕಾರ್ಬನ್ ಡೈಆಕ್ಸೈಡಿನಲ್ಲಿ ಬಂಧ ದುರ್ಬಲ ಎಂದೇನಲ್ಲ, ಅದರ ದ್ವಿಬಂಧ ಒಂದಕ್ಕೆ 800 ಕಿಲೋಜೂಲ್ ಆಸುಪಾಸು. ಆದರೆ ಅದನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ, ಅಣುಗಳು ಇಡಿಯಾಗಿ ಹಾರಿಹೋಗುತ್ತವೆ. ಮರಳಿನ ಕಣದಲ್ಲಿ ಬಿಡಿ ಅಣುವೇ ಇಲ್ಲ. ಕರಗಬೇಕಾದರೆ ಸಿಲಿಕಾನ್–ಆಮ್ಲಜನಕ ಬಂಧಗಳೇ ಮುರಿಯಬೇಕು.

ಅಯಾನಿಕ ವಸ್ತುಗಳಲ್ಲಿ ನೋಡಬೇಕಾದದ್ದು ಎರಡು: ಅಯಾನುಗಳ ಆವೇಶ, ಅವುಗಳ ನಡುವಿನ ದೂರ. ಅಡುಗೆ ಉಪ್ಪು 801 °ಸೆ.ನಲ್ಲಿ ಕರಗಿದರೆ ಮೆಗ್ನೀಷಿಯಂ ಆಕ್ಸೈಡಿಗೆ ಸುಮಾರು 2850 °ಸೆ. ಬೇಕು. ಉಪ್ಪಿನಲ್ಲಿ ಒಂದಕ್ಕೊಂದು, ಆಕ್ಸೈಡಿನಲ್ಲಿ ಎರಡಕ್ಕೆರಡು ಆವೇಶ. ಆವೇಶಗಳ ಗುಣಲಬ್ಧವೇ ನಾಲ್ಕು ಪಟ್ಟು, ಮೇಲಾಗಿ ಅಯಾನುಗಳು ಚಿಕ್ಕವಾದ್ದರಿಂದ ದೂರವೂ ಕಡಿಮೆ.

ಇಲ್ಲಿ ಒಂದು ಗುಂಡಿ ಇದೆ. "ಲೋಹ ಸೇರಿದೆ, ಹಾಗಾಗಿ ಅಯಾನಿಕ" ಎಂಬ ಎಸ್ಸೆಸ್ಸೆಲ್ಸಿಯ ನಿಯಮವನ್ನು ಪಿಯುಸಿಗೆ ಹಾಗೇ ಹೊತ್ತು ತರಬೇಡಿ. ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 °ಸೆ.ನಲ್ಲೇ ಆವಿಯಾಗಿಬಿಡುತ್ತದೆ. ಟೈಟೇನಿಯಂ ಟೆಟ್ರಾಕ್ಲೋರೈಡ್ ಕೋಣೆಯ ಉಷ್ಣತೆಯಲ್ಲಿ ದ್ರವ, ಕುದಿಬಿಂದು 136 °ಸೆ. ಚಿಕ್ಕದಾಗಿದ್ದು ಹೆಚ್ಚು ಆವೇಶ ಹೊತ್ತ ಧನ ಅಯಾನು ಕ್ಲೋರೈಡಿನ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಎಳೆದುಕೊಂಡು ಬಂಧವನ್ನು ಕೋವೇಲೆಂಟ್ ಕಡೆಗೆ ವಾಲಿಸುತ್ತದೆ. ಲೋಹದ ಆವೇಶ ಮೂರು ಅಥವಾ ನಾಲ್ಕು, ಜೊತೆಗಿರುವುದು ಕ್ಲೋರೈಡ್, ಬ್ರೋಮೈಡ್ ಅಥವಾ ಅಯೊಡೈಡ್ ಎಂದಾದರೆ ಅನುಮಾನಪಡಿ.

ಎರಡನೆಯ ಕೆಲಸ: ಆಕಾರ ಬಿಡಿಸಿ, ಮನಸ್ಸಿನಲ್ಲಲ್ಲ, ಕಾಗದದ ಮೇಲೆ

ಬಿಡಿ ಅಣು ಎಂದು ಗೊತ್ತಾದ ಮೇಲೆ ಅದು ಪೋಲಾರ್ (ಒಂದು ಕಡೆ ಸ್ವಲ್ಪ ಧನ, ಇನ್ನೊಂದು ಕಡೆ ಸ್ವಲ್ಪ ಋಣ) ಹೌದೋ ಅಲ್ಲವೋ ತಿಳಿಯಬೇಕು. ಬಂಧ ಪೋಲಾರ್ ಆದ ಮಾತ್ರಕ್ಕೆ ಅಣು ಪೋಲಾರ್ ಆಗುವುದಿಲ್ಲ. ಆಕಾರ ಗೊತ್ತಿಲ್ಲದೆ ಇದನ್ನು ತೀರ್ಮಾನಿಸಲು ಬರುವುದಿಲ್ಲ.

ಸಲ್ಫರ್ ಡೈಆಕ್ಸೈಡನ್ನೇ ತೆಗೆದುಕೊಳ್ಳಿ. ಗಂಧಕದ ಹೊರಕವಚದಲ್ಲಿ 6, ಎರಡು ಆಮ್ಲಜನಕಗಳಿಂದ 12, ಒಟ್ಟು 18 ಎಲೆಕ್ಟ್ರಾನ್. ಗಂಧಕವನ್ನು ನಡುವೆ ಇಟ್ಟು ಎರಡೂ ಕಡೆ ಒಂದೊಂದು ಗೆರೆ ಎಳೆಯಿರಿ, 4 ಖರ್ಚಾಯಿತು. ಉಳಿದ 14ರಲ್ಲಿ ಮೊದಲು ಹೊರಗಿನ ಆಮ್ಲಜನಕಗಳಿಗೆ ತಲಾ 6 ಕೊಡಿ, 12 ಹೋಯಿತು. ಇನ್ನೂ 2 ಕೈಯಲ್ಲಿದೆ. ಅವು ಗಂಧಕದ ತಲೆಯ ಮೇಲೆ ಲೋನ್ ಪೇರ್ (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ಆಗಿ ಕೂರುತ್ತವೆ. ಗಂಧಕಕ್ಕೆ ಅಷ್ಟಕ (ಸುತ್ತ ಎಂಟು ಎಲೆಕ್ಟ್ರಾನ್) ತುಂಬಿಲ್ಲವಾದ್ದರಿಂದ ಒಂದು ಆಮ್ಲಜನಕದ ಲೋನ್ ಪೇರ್ ಒಳಕ್ಕೆ ತಂದು ದ್ವಿಬಂಧ ಮಾಡಿ. ಈಗ ಗಂಧಕದ ಸುತ್ತ ಮೂರು ಎಲೆಕ್ಟ್ರಾನ್ ಗುಂಪುಗಳು: ಎರಡು ಬಂಧ, ಒಂದು ಲೋನ್ ಪೇರ್. ಮೂರು ಗುಂಪು ದೂರ ಸರಿದು ಕೂತರೆ 120 ಡಿಗ್ರಿ ಬರಬೇಕು. ಲೋನ್ ಪೇರ್ ಸ್ವಲ್ಪ ಹೆಚ್ಚು ಜಾಗ ಹಿಡಿಯುವುದರಿಂದ 119 ಡಿಗ್ರಿಯ ಹತ್ತಿರ. ಅಣು ಬಾಗಿದೆ. ಎರಡು ಬಂಧಗಳ ಎಳೆತ ಒಂದನ್ನೊಂದು ಪೂರ್ತಿ ಹೊಡೆದುಹಾಕುವುದಿಲ್ಲ, ಅಣು ಪೋಲಾರ್.

ಇದೇ ಲೆಕ್ಕವನ್ನು ಕಾರ್ಬನ್ ಡೈಆಕ್ಸೈಡಿಗೆ ಮಾಡಿದರೆ ಒಟ್ಟು 16. ಹೊರಗಿನವರಿಗೆ ಹಂಚಿದ ಮೇಲೆ ನಡುವಿನ ಪರಮಾಣುವಿಗೆ ಏನೂ ಮಿಗುವುದಿಲ್ಲ. ಹಾಗಾಗಿ ಅಣು ನೇರ. ಎರಡು ಕಡೆಯ ಎಳೆತ ಸಮ, ಒಟ್ಟು ಡೈಪೋಲ್ (ಧನ, ಋಣ ಆವೇಶಗಳು ಎರಡು ಕಡೆಗೆ ಬೇರ್ಪಟ್ಟಿರುವುದು) ಸೊನ್ನೆ. 18ಕ್ಕೂ 16ಕ್ಕೂ ಇರುವ ಆ ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಬಿಡುವುದೇ ಈ ಹಂತದಲ್ಲಿ ಹೆಚ್ಚಾಗಿ ಆಗುವ ತಪ್ಪು. ಹೊರಗಿನ ಪರಮಾಣುಗಳ ಚುಕ್ಕಿ ಎಲ್ಲರೂ ಹಾಕುತ್ತಾರೆ, ನಡುವಿನದರ ಮೇಲೆ ಹಾಕಲು ಮರೆಯುತ್ತಾರೆ. ಬಿಡಿಸಿ ಮುಗಿದ ಮೇಲೆ ಎಲ್ಲ ಗೆರೆ, ಚುಕ್ಕಿಗಳನ್ನು ಮತ್ತೊಮ್ಮೆ ಎಣಿಸಿ, ಮೊದಲಿನ ಮೊತ್ತಕ್ಕೆ ತಾಳೆಯಾಗಬೇಕು.

ಮೂರನೆಯ ಕೆಲಸ: ಅಣುಗಳ ನಡುವೆ ಏನಿದೆ

ಲಂಡನ್ ಬಲ ಎಲ್ಲ ಅಣುಗಳಲ್ಲೂ ಇದೆ. ಇದನ್ನು ಮರೆತರೆ ಅರ್ಧ ಪ್ರಶ್ನೆಗಳು ಕೈಕೊಡುತ್ತವೆ. ಎಲೆಕ್ಟ್ರಾನ್ ಮೋಡ ಕ್ಷಣಕ್ಕೊಮ್ಮೆ ಒಂದು ಪಕ್ಕಕ್ಕೆ ವಾಲುತ್ತದೆ, ಪಕ್ಕದ ಅಣುವಿನ ಮೋಡವನ್ನೂ ವಾಲಿಸುತ್ತದೆ, ಆ ಕ್ಷಣದ ಮಟ್ಟಿಗೆ ಎರಡೂ ಒಂದನ್ನೊಂದು ಸೆಳೆಯುತ್ತವೆ. ಫ್ರಿಟ್ಜ್ ಲಂಡನ್ ಇದನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದ್ದು 1930ರಲ್ಲಿ, ಹೆಸರು ಬಂದಿದ್ದು ಅಲ್ಲಿಂದ, ಊರಿನಿಂದಲ್ಲ. ಎಲೆಕ್ಟ್ರಾನ್ ಹೆಚ್ಚಿದಷ್ಟೂ ಮೋಡ ಮೆತ್ತಗಾಗಿ ಸುಲಭವಾಗಿ ವಾಲುತ್ತದೆ. ಫ್ಲೋರೀನ್ −188, ಕ್ಲೋರೀನ್ −34, ಬ್ರೋಮೀನ್ 59, ಅಯೋಡಿನ್ 184 °ಸೆ. ನಾಲ್ಕರಲ್ಲೂ ಡೈಪೋಲ್ ಇಲ್ಲ, ಹೈಡ್ರೋಜನ್ ಬಂಧ (ಮುಂದೆ ಬರುತ್ತದೆ) ಇಲ್ಲ, ಆದರೂ ಅನಿಲದಿಂದ ಘನದವರೆಗೆ ಏರಿಕೆ.

ಎಲೆಕ್ಟ್ರಾನ್ ಸಂಖ್ಯೆ ಒಂದೇ ಆಗಿದ್ದರೆ ಅಣುವಿನ ಮೈ ನೋಡಿ. ಸೂತ್ರ ಒಂದೇ ಇದ್ದು ಜೋಡಣೆ ಬೇರೆಯಾದ ಪೆಂಟೇನಿನ ಮೂರು ಐಸೋಮರ್‌ಗಳಲ್ಲಿ ನೇರ ಸರಪಳಿಯದು 36, ಒಂದು ಕೊಂಬೆಯ ಐಸೊಪೆಂಟೇನ್ 28, ಚೆಂಡಿನಂತಿರುವ ನಿಯೊಪೆಂಟೇನ್ 9.5 °ಸೆ.ಗೆ ಕುದಿಯುತ್ತವೆ. ಉದ್ದನೆಯ ಅಣುಗಳು ಜೋಡಿಸಿಟ್ಟ ಊದುಬತ್ತಿಗಳಂತೆ ಮೈಯುದ್ದಕ್ಕೂ ತಾಗುತ್ತವೆ. ಚೆಂಡುಗಳು ಒಂದೊಂದು ಬಿಂದುವಿನಲ್ಲಿ ಮಾತ್ರ.

ಡೈಪೋಲ್ ಬಲ ಇದರ ಮೇಲೆ ಸೇರುವ ಹೆಚ್ಚುವರಿ. "ಡೈಪೋಲ್ ಬಲ ಲಂಡನ್ ಬಲಕ್ಕಿಂತ ದೊಡ್ಡದು" ಎಂದು ಟಿಪ್ಪಣಿಗಳಲ್ಲಿ ಬರೆದುಕೊಂಡಿರುತ್ತೀರಿ. ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಇದ್ದರಷ್ಟೇ ಆ ಮಾತು ನಿಲ್ಲುತ್ತದೆ. ಕ್ಲೋರೋಫಾರ್ಮ್ ಪೋಲಾರ್, ಕಾರ್ಬನ್ ಟೆಟ್ರಾಕ್ಲೋರೈಡಿನ ಡೈಪೋಲ್ ಸೊನ್ನೆ. ಕುದಿಬಿಂದು? ಕ್ಲೋರೋಫಾರ್ಮ್ 61, ಟೆಟ್ರಾಕ್ಲೋರೈಡ್ 77 °ಸೆ. ಒಂದರಲ್ಲಿ 58 ಎಲೆಕ್ಟ್ರಾನ್, ಇನ್ನೊಂದರಲ್ಲಿ 74, ಎಲೆಕ್ಟ್ರಾನ್‌ಗಳೇ ಗೆದ್ದವು. ಹೈಡ್ರೋಜನ್ ಕ್ಲೋರೈಡ್ −85, ಬ್ರೋಮೈಡ್ −67, ಅಯೊಡೈಡ್ −35 °ಸೆ. ಇಲ್ಲೂ ಅಷ್ಟೇ, ಡೈಪೋಲ್ ಇಳಿಯುತ್ತಾ ಹೋಗುತ್ತದೆ, ಕುದಿಬಿಂದು ಏರುತ್ತಾ ಬರುತ್ತದೆ.

ಹೈಡ್ರೋಜನ್ ಬಂಧಕ್ಕೆ ಎರಡು ಷರತ್ತು, ಎರಡೂ ಬೇಕು. ಒಂದು, ಹೈಡ್ರೋಜನ್ ನೇರವಾಗಿ ನೈಟ್ರೋಜನ್, ಆಮ್ಲಜನಕ ಅಥವಾ ಫ್ಲೋರೀನಿಗೆ ಅಂಟಿರಬೇಕು. ಎರಡು, ಅದನ್ನು ಹಿಡಿದುಕೊಳ್ಳಲು ಎದುರಿಗಿನ ಅಣುವಿನಲ್ಲಿ ಇವೇ ಮೂರರಲ್ಲಿ ಒಂದರ ಮೇಲೆ ಲೋನ್ ಪೇರ್ ಇರಬೇಕು. ಸೂತ್ರದಲ್ಲಿ ಹೈಡ್ರೋಜನ್ನೂ ಆಮ್ಲಜನಕವೂ ಇವೆ ಎಂದ ಮಾತ್ರಕ್ಕೆ ಸಾಲದು. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರದ್ದೂ ಒಂದೇ ಅಣುಸೂತ್ರ, ಅಣುರಾಶಿ 46. ಎಥನಾಲಿನ ಒಂದು ಹೈಡ್ರೋಜನ್ ಆಮ್ಲಜನಕದ ಮೇಲಿದೆ, 78 °ಸೆ. ಈಥರಿನ ಆರೂ ಹೈಡ್ರೋಜನ್‌ಗಳು ಕಾರ್ಬನ್ನಿನ ಮೇಲಿವೆ, −24 °ಸೆ. ನೂರು ಡಿಗ್ರಿಯ ಅಂತರ!

"ಕ್ಲೋರೀನ್, ನೈಟ್ರೋಜನ್ ಎರಡರ ಎಲೆಕ್ಟ್ರೊನೆಗೆಟಿವಿಟಿಯೂ (ಎಲೆಕ್ಟ್ರಾನ್ ಎಳೆಯುವ ಶಕ್ತಿ) ಪಠ್ಯದಲ್ಲಿ 3.0 ಇದೆಯಲ್ಲ, ಹಾಗಾದರೆ ಹೈಡ್ರೋಜನ್ ಕ್ಲೋರೈಡಿಗೆ ಯಾಕಿಲ್ಲ?" ಜಾಣ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ, ಕೇಳಬೇಕಾದ್ದೇ. ಕ್ಲೋರೀನ್ ದೊಡ್ಡ ಪರಮಾಣು, ಅದರ ಲೋನ್ ಪೇರ್ ಅಗಲವಾಗಿ ಹರಡಿಕೊಂಡಿದೆ, ಹೈಡ್ರೋಜನ್ ಹತ್ತಿರ ಹೋಗಲು ಆಗುವುದಿಲ್ಲ. ಎಳೆಯುವ ಶಕ್ತಿಯಷ್ಟೇ ಚಿಕ್ಕ ಗಾತ್ರವೂ ಮುಖ್ಯ.

ಇನ್ನೊಂದು ಗೊಂದಲ ನೀರು ಮತ್ತು ಹೈಡ್ರೋಜನ್ ಫ್ಲೋರೈಡಿನದು. ಒಂದೊಂದಾಗಿ ನೋಡಿದರೆ ಫ್ಲೋರೈಡಿನ ಹೈಡ್ರೋಜನ್ ಬಂಧವೇ ಹೆಚ್ಚು ಗಟ್ಟಿ. ಆದರೂ ಅದು 19.5 °ಸೆ.ನಲ್ಲೇ ಕುದಿಯುತ್ತದೆ. ನೀರಿನ ಅಣುವಿಗೆ ಕೊಡಲು ಎರಡು ಹೈಡ್ರೋಜನ್, ಹಿಡಿಯಲು ಎರಡು ಲೋನ್ ಪೇರ್; ಸುತ್ತ ನಾಲ್ಕು ನೆರೆಯವರ ಜೊತೆ ಕೈಹಿಡಿದು ಬಲೆಯಾಗುತ್ತದೆ. ಫ್ಲೋರೈಡಿಗೆ ಮೂರು ಲೋನ್ ಪೇರ್ ಇದ್ದರೂ ಕೊಡಲು ಹೈಡ್ರೋಜನ್ ಒಂದೇ, ಹಾಗಾಗಿ ಬರೀ ಸರಪಳಿ. ಅದೂ ಕುದಿದ ಮೇಲೂ ಸರಪಳಿಯ ತುಂಡುಗಳು, ಉಂಗುರಗಳು ಆವಿಯಲ್ಲಿ ಉಳಿದೇ ಇರುತ್ತವೆ. ಎಲ್ಲ ಬಂಧಗಳನ್ನೂ ಬಿಡಿಸುವ ಖರ್ಚು ಬೀಳುವುದಿಲ್ಲ.

ಚಿತ್ರ ಬರೆಯುವಾಗ ಚುಕ್ಕಿಗೆರೆಯನ್ನು ಒಂದು ಅಣುವಿನ ಹೈಡ್ರೋಜನ್ನಿಂದ ಇನ್ನೊಂದು ಅಣುವಿನ ಲೋನ್ ಪೇರ್‌ಗೆ ಎಳೆಯಿರಿ. ನೀರಿನ ಅಣುವಿನ ಒಳಗೇ ಓ–ಎಚ್ ನಡುವೆ ಚುಕ್ಕಿಗೆರೆ ಎಳೆದರೆ ಅಂಕ ಹೋದಂತೆಯೇ. ಅಣುವಿನ ಒಳಗೇ ಹೈಡ್ರೋಜನ್ ಬಂಧ ಆಗುವ ಉದಾಹರಣೆಯೂ ಉಂಟು: ಆರ್ಥೋ ನೈಟ್ರೋಫೀನಾಲ್. ಪಕ್ಕಪಕ್ಕದ ಎರಡು ಗುಂಪುಗಳು ತಮ್ಮೊಳಗೇ ಕೈಹಿಡಿದುಕೊಂಡು ನೆರೆಯವರ ಗೊಡವೆಗೆ ಹೋಗುವುದಿಲ್ಲ. ಅದು 45 °ಸೆ.ನಲ್ಲಿ ಕರಗುತ್ತದೆ, ನೀರಿನ ಹಬೆಯ ಜೊತೆ ಬಟ್ಟಿಗೆ ಬರುತ್ತದೆ. ಪ್ಯಾರಾ ನೈಟ್ರೋಫೀನಾಲಿನಲ್ಲಿ ಗುಂಪುಗಳು ಎದುರುಬದುರು, ಅಣುವಿಗೆ ಅಣು ಹೆಣೆದುಕೊಂಡು 114 °ಸೆ.ವರೆಗೆ ಘನವಾಗಿರುತ್ತದೆ. ಪ್ರಯೋಗಾಲಯದಲ್ಲಿ ಹಬೆ ಬಟ್ಟಿಯಿಂದ ಇವೆರಡನ್ನು ಬೇರ್ಪಡಿಸುವುದು ಇದೇ ಕಾರಣಕ್ಕೆ ಸಾಧ್ಯ.

ಒಂದು ಪೂರ್ತಿ ಪ್ರಶ್ನೆ

ಬ್ಯೂಟೇನ್, ಅಸಿಟೋನ್, 1-ಪ್ರೊಪನಾಲ್, ಅಸಿಟಿಕ್ ಆಮ್ಲ. ಇವನ್ನು ಏರಿಕೆ ಕ್ರಮದಲ್ಲಿ ಬರೆಯಬೇಕು.

ನಾಲ್ಕೂ ಬಿಡಿ ಅಣುಗಳು. ಅಣುರಾಶಿ 58, 58, 60, 60. ಎಲೆಕ್ಟ್ರಾನ್ ಎಣಿಸಿದರೆ 34, 32, 34, 32. ಅಂದರೆ ಲಂಡನ್ ಬಲ ಹೆಚ್ಚುಕಡಿಮೆ ಸಮ, ಅದನ್ನು ಪಕ್ಕಕ್ಕಿಡಬಹುದು. ಹೀಗೆ ಪಕ್ಕಕ್ಕಿಟ್ಟೆ ಎಂದು ಉತ್ತರದಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ವಾದ ಅರ್ಧಕ್ಕೇ ನಿಂತಂತೆ. ಬ್ಯೂಟೇನಿಗೆ ಬೇರೆ ಆಸರೆ ಇಲ್ಲ, −0.5 °ಸೆ. ಅಸಿಟೋನಿನ ಕಾರ್ಬನ್–ಆಮ್ಲಜನಕ ದ್ವಿಬಂಧ ಪೋಲಾರ್, ಅಣುವೂ ಪೋಲಾರ್, ಆದರೆ ಆಮ್ಲಜನಕದ ಮೇಲೆ ಹೈಡ್ರೋಜನ್ ಇಲ್ಲ: 56 °ಸೆ. ಪ್ರೊಪನಾಲಿಗೆ ಓ–ಎಚ್ ಇದೆ: 97 °ಸೆ. ಅಸಿಟಿಕ್ ಆಮ್ಲದಲ್ಲಿ ಎರಡು ಅಣುಗಳು ಎದುರುಬದುರಾಗಿ ನಿಂತು ಎರಡು ಹೈಡ್ರೋಜನ್ ಬಂಧಗಳಿಂದ ಜೋಡಿಯಾಗುತ್ತವೆ, ಒಂದೇ ದೊಡ್ಡ ಅಣುವಿನಂತೆ ವರ್ತಿಸುತ್ತವೆ: 118 °ಸೆ.

ಪರೀಕ್ಷೆಯಲ್ಲಿ ಇಷ್ಟು ಬರೆದರೆ ಸಾಕು: "ನಾಲ್ಕರ ಅಣುರಾಶಿ ಹತ್ತಿರ ಹತ್ತಿರವಿರುವುದರಿಂದ ಲಂಡನ್ ಬಲಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬ್ಯೂಟೇನಿನಲ್ಲಿ ಲಂಡನ್ ಬಲ ಮಾತ್ರ. ಅಸಿಟೋನಿನಲ್ಲಿ ಜೊತೆಗೆ ಡೈಪೋಲ್ ಬಲ. ಪ್ರೊಪನಾಲಿನಲ್ಲಿ ಹೈಡ್ರೋಜನ್ ಬಂಧ. ಅಸಿಟಿಕ್ ಆಮ್ಲದಲ್ಲಿ ಎರಡು ಹೈಡ್ರೋಜನ್ ಬಂಧಗಳ ಜೋಡಿ. ಅಣುಗಳನ್ನು ಬೇರ್ಪಡಿಸಲು ಬೇಕಾದ ಶಕ್ತಿ ಇದೇ ಕ್ರಮದಲ್ಲಿ ಏರುತ್ತದೆ." ಕೊನೆಯ ವಾಕ್ಯದಲ್ಲಿ "ಅಣುಗಳನ್ನು ಬೇರ್ಪಡಿಸಲು" ಎಂಬ ಮಾತು ಬಿಡಬೇಡಿ. "ಬಂಧ ಮುರಿಯಲು" ಎಂದಷ್ಟೇ ಬರೆದರೆ ಯಾವ ಬಂಧ ಎಂಬುದು ಮೌಲ್ಯಮಾಪಕರಿಗೆ ಗೊತ್ತಾಗುವುದಿಲ್ಲ.

ಈಗ ಇದಕ್ಕೆ ತದ್ವಿರುದ್ಧವಾದ ಜೋಡಿ: ನೀರು ಮತ್ತು ಆಕ್ಟೇನ್. ಹೈಡ್ರೋಜನ್ ಬಂಧ ಕಂಡ ಕೂಡಲೇ ನೀರಿಗೆ ಮೊದಲ ಸ್ಥಾನ ಕೊಟ್ಟವರು ಸೋತರು. ಆಕ್ಟೇನ್ 126 °ಸೆ.ಗೆ ಕುದಿಯುತ್ತದೆ. ನೀರಿನಲ್ಲಿ 10 ಎಲೆಕ್ಟ್ರಾನ್, ಆಕ್ಟೇನಿನಲ್ಲಿ 66. ಲಂಡನ್ ಬಲ ತುಂಡು ತುಂಡಾಗಿ ದುರ್ಬಲವಾದರೂ ಉದ್ದಕ್ಕೆ ಸೇರಿದರೆ ಭಾರಿ. ರಾಶಿಗಳು ಹೀಗೆ ಆರೇಳು ಪಟ್ಟು ದೂರವಿದ್ದಾಗ ಮಾದರಿ ಉತ್ತರದ ಸೂತ್ರ ಕೆಲಸ ಮಾಡುವುದಿಲ್ಲ. ಅಂಥ ಪ್ರಶ್ನೆ ಬಂದರೆ ಕೊಟ್ಟಿರುವ ದತ್ತಾಂಶ ನೋಡದೆ ತೀರ್ಮಾನಿಸಬೇಡಿ.

ಕರಗುವ ಬಿಂದು ಬೇರೆಯದೇ ಕತೆ

ಕುದಿಬಿಂದುವಿನ ಕ್ರಮವನ್ನು ಹಾಗೇ ಕರಗುವ ಬಿಂದುವಿಗೆ ನಕಲು ಮಾಡಬೇಡಿ. ಮೇಲಿನ ಮೂರು ಪೆಂಟೇನ್‌ಗಳಲ್ಲಿ ಎಲ್ಲಕ್ಕಿಂತ ಬೇಗ ಕುದಿಯುವ ನಿಯೊಪೆಂಟೇನ್ ಕರಗುವುದು −17 °ಸೆ. ಹತ್ತಿರ, ನೇರ ಪೆಂಟೇನ್ −130, ಐಸೊಪೆಂಟೇನ್ −160 °ಸೆ. ಕ್ರಮವೇ ಬದಲಾಯಿತು. ಕರಗುವುದೆಂದರೆ ಸ್ಫಟಿಕದ ಒಪ್ಪ ಜೋಡಣೆ ಕದಡುವುದು, ಹಾಗಾಗಿ ಅಣುಗಳು ಎಷ್ಟು ಅಚ್ಚುಕಟ್ಟಾಗಿ ಒತ್ತೊತ್ತಾಗಿ ಕೂರುತ್ತವೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರಿನ ಬೆಳಗ್ಗೆ ಬೆಂಗಳೂರಿನಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಪಕ್ಕದಲ್ಲಿರುವ ಕಡಲೆಕಾಯಿ ಎಣ್ಣೆಗೆ ಏನೂ ಆಗಿರುವುದಿಲ್ಲ. ತೆಂಗಿನೆಣ್ಣೆಯ ಸರಪಳಿಗಳು ಹೆಚ್ಚಿನಂಶ ಸ್ಯಾಚುರೇಟೆಡ್ (ದ್ವಿಬಂಧ ಇಲ್ಲದವು), ನೇರವಾಗಿ ಜೋಡಿಸಿಕೊಂಡು ಸುಮಾರು 24 °ಸೆ. ಕೆಳಗೆ ಹೆಪ್ಪುಗಟ್ಟುತ್ತವೆ. ಕಡಲೆಕಾಯಿ ಎಣ್ಣೆಯ ಸರಪಳಿಗಳು ದ್ವಿಬಂಧ ಇರುವಲ್ಲಿ ಮೊಣಕೈಯಂತೆ ಬಾಗಿವೆ, ಜೋಡಿಸಲು ಆಗುವುದಿಲ್ಲ.

ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಹನಿ

ತರಗತಿಯಲ್ಲಿ ತೋರಿಸಲು ಹತ್ತು ನಿಮಿಷದ ಪ್ರಯೋಗ ಇದು. ಒಂದು ಅಗಲ ಸ್ಟೀಲ್ ತಟ್ಟೆ, ಔಷಧಿ ಬಾಟಲಿಯ ಡ್ರಾಪರ್ ನಾಲ್ಕು, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್, ಪ್ರಯೋಗಾಲಯದ ಎಥನಾಲ್, ನೀರು, ತೆಂಗಿನೆಣ್ಣೆ. ಫ್ಯಾನ್ ಆರಿಸಿ, ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಉರಿ ಇರಕೂಡದು. ಅಸಿಟೋನ್, ಎಥನಾಲ್ ಎರಡೂ ಬೇಗ ಬೆಂಕಿ ಹಿಡಿಯುತ್ತವೆ. ತಟ್ಟೆಯ ನಾಲ್ಕು ಕಡೆ ಎರಡೆರಡು ಹನಿ ಒಟ್ಟಿಗೇ ಬಿಟ್ಟು, ಕಡ್ಡಿಯಿಂದ ಒಂದೇ ಅಗಲಕ್ಕೆ, ರೂಪಾಯಿ ನಾಣ್ಯದಷ್ಟು ಹರಡಿ. ಅಗಲ ಬೇರೆಬೇರೆಯಾದರೆ ಹೋಲಿಕೆ ಕೆಡುತ್ತದೆ. ಮೊದಲು ಅಸಿಟೋನ್, ಆಮೇಲೆ ಎಥನಾಲ್, ಬಹಳ ಹೊತ್ತಿನ ಮೇಲೆ ನೀರು ಮಾಯವಾಗುತ್ತವೆ. ಎಣ್ಣೆ ಮರುದಿನವೂ ಅಲ್ಲೇ ಇರುತ್ತದೆ. ಹೈಡ್ರೋಜನ್ ಬಂಧವೇ ಇಲ್ಲದ ಎಣ್ಣೆ ನೀರನ್ನು ಸೋಲಿಸಿದ್ದು ಯಾಕೆಂದು ಮಕ್ಕಳೇ ಹೇಳಲಿ.

ಕೆಡುವುದು ಹೀಗೆ. ಕೆಲವು ರಿಮೂವರ್‌ಗಳಲ್ಲಿ ಅಸಿಟೋನ್ ಬದಲು ಈಥೈಲ್ ಅಸಿಟೇಟ್ ಇರುತ್ತದೆ, ಲೇಬಲ್ ಓದಿ ತನ್ನಿ. ಎಥನಾಲ್ ಸಿಗದೆ ಹ್ಯಾಂಡ್ ಸ್ಯಾನಿಟೈಸರ್ ಹಾಕಿದರೆ ಕೊನೆಗೆ ಜಿಗುಟು ಕಲೆ ಉಳಿಯಬಹುದು. ಅದು ಗ್ಲಿಸರಿನ್, ಮೂರು ಓ–ಎಚ್ ಇರುವ ಅಣು, ಕುದಿಬಿಂದು 290 °ಸೆ. ಪ್ಲಾಸ್ಟಿಕ್ ತಟ್ಟೆ ಬೇಡ, ಅಸಿಟೋನ್ ಹಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ಮಂಗಳೂರಿನ ಜೂನ್ ತಿಂಗಳಲ್ಲಿ ನೀರಿನ ಹನಿ ಆರುವುದನ್ನು ಕಾಯುತ್ತಾ ಪಿರಿಯಡ್ಡೇ ಮುಗಿಯಬಹುದು, ಕಲಬುರಗಿಯ ಏಪ್ರಿಲ್‌ನಲ್ಲಿ ಬೇಗ ಆರುತ್ತದೆ. ಗಾಳಿಯಲ್ಲಿ ಮೊದಲೇ ಇರುವ ನೀರಿನ ಆವಿ ನೀರಿಗೆ ಅಡ್ಡಿ, ಅಸಿಟೋನಿಗೆ ಅಲ್ಲ. ಆರುವ ವೇಗಕ್ಕೂ ಕುದಿಬಿಂದುವಿಗೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ ಎಂದು ಇಲ್ಲಿಯೇ ಹೇಳಿಬಿಡಿ.

ಪ್ರಯೋಗಾಲಯದಲ್ಲಿ ಕುದಿಬಿಂದು ಅಳೆಯುವವರಿಗೆ ಇನ್ನೊಂದು ಮಾತು. ಇಲ್ಲಿ ಕೊಟ್ಟ ಅಂಕಿಗಳು ಒಂದು ವಾತಾವರಣದ ಒತ್ತಡದವು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ಲಿ ನೀರು ಕುದಿಯುವುದು 97 °ಸೆ. ಆಸುಪಾಸು. ಥರ್ಮಾಮೀಟರ್ ಕೆಟ್ಟಿದೆ ಎಂದು ಬೇರೆಯದು ಹುಡುಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ, ರೆಕಾರ್ಡ್ ಪುಸ್ತಕದಲ್ಲಿ 100 ಎಂದು ತಿದ್ದಿ ಬರೆಯಬೇಡಿ.